ಮಾದರಿ ರೈಲು ಲೇಔಟ್‌ಗೆ ಸಹಜವಾದ ಹುಲ್ಲು, ಕಳೆ, ಕಂಟಿ: ಮಣ್ಣಿನಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಹಳಿ ನೇರವಾಗಿ ಕೂತಿದೆ, ನಿಲ್ದಾಣದ ಕಟ್ಟಡ ಅಚ್ಚುಕಟ್ಟಾಗಿದೆ, ಬೋಗಿಗಳೂ ಚೆನ್ನಾಗಿವೆ. ಆದರೆ ಹುಲ್ಲು ಹಾಕಿದ ಮರುದಿನ ನೋಡಿದರೆ ಇಡೀ ಬಯಲು ಬಿಲಿಯರ್ಡ್ಸ್ ಮೇಜಿನ ಮೇಲಿನ ಬಟ್ಟೆಯಂತೆ ಕಾಣುತ್ತದೆ. ಮಾದರಿ ರೈಲು ಕಟ್ಟುವವರಲ್ಲಿ ಬಹುತೇಕರು ಮತ್ತೆ ಮತ್ತೆ ಎಡವುವ ಜಾಗ ಇದೇ. ಕಾರಣವೂ ಬಹುತೇಕ ಒಂದೇ ಆಗಿರುತ್ತದೆ: ಹಸಿರು ಬಣ್ಣ ಬಳಿದ ಹಲಗೆಯ ಮೇಲೆ ನೇರವಾಗಿ, ಒಂದೇ ಬಣ್ಣದ, ಒಂದೇ ಉದ್ದದ ಎಳೆಗಳನ್ನು ಒಂದೇ ದಿನದಲ್ಲಿ ಹಾಕಿ ಮುಗಿಸಿರುತ್ತಾರೆ. ಹುಲ್ಲಿನ ಗುಣಮಟ್ಟ ಎಷ್ಟೇ ಒಳ್ಳೆಯದಿದ್ದರೂ ಈ ಕ್ರಮದಲ್ಲಿ ಮಾಡಿದ ಕೆಲಸ ಸಹಜವಾಗಿ ಕಾಣುವುದಿಲ್ಲ. ಹುಲ್ಲಿಗಿಂತ ಮೊದಲು ಮಣ್ಣು ಮುಗಿಯಬೇಕು, ಮತ್ತು ಆ ಮಣ್ಣು ಹುಲ್ಲಿನ ನಡುವೆ ಕೊನೆಯವರೆಗೂ ಕಾಣಿಸುತ್ತಿರಬೇಕು.

ಇಲ್ಲಿನ ಅಳತೆಗಳೆಲ್ಲ 1:87 ಪ್ರಮಾಣದ, ಅಂದರೆ ಎಲ್ಲವೂ ನಿಜದ 87ನೇ ಒಂದು ಭಾಗದಷ್ಟಿರುವ, ಎಚ್‌ಒ ಲೇಔಟ್‌ಗೆ (ಹಲಗೆಯ ಮೇಲೆ ಹಳಿ, ನೆಲ, ಕಟ್ಟಡ ಜೋಡಿಸಿದ ಮಾದರಿಗೆ) ಸಂಬಂಧಿಸಿದವು. 1:160 ಪ್ರಮಾಣದ ಎನ್ ಲೇಔಟ್‌ನವರಿಗೆ ಬೇಕಾದ ಬದಲಾವಣೆಯನ್ನು ಅಲ್ಲಲ್ಲಿ ಹೇಳಿದ್ದೇನೆ. ಮಾದರಿಯಾಗಿ ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗಕ್ಕೆ ಹೋಗುವ ಹಳಿಯ ಬದಿಯ ಎರೆ (ಕಪ್ಪು ಮಣ್ಣಿನ) ಹೊಲಗಳನ್ನೂ, ಧಾರವಾಡದಿಂದ ಅಳ್ನಾವರದ ಕಡೆಗೆ ಸಾಗುವಾಗ ಎದುರಾಗುವ ಕೆಂಪು ನೆಲವನ್ನೂ ಇಟ್ಟುಕೊಂಡಿದ್ದೇನೆ. ಹೊರದೇಶದ ಕಂಪನಿಗಳ ಹುಲ್ಲಿನ ಪೊಟ್ಟಣಗಳು ಯುರೋಪಿನ ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟುಕೊಂಡು ಬಣ್ಣ ಹಾಕಿದವು. ಅವನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ಹಾಕಿದರೆ ನಮ್ಮ ಭಾಗದ ನೆಲ ಎಂದಿಗೂ ಮೂಡುವುದಿಲ್ಲ.

ಮೊದಲು ಕೈಯಲ್ಲಿರಬೇಕಾದ ಸಾಮಗ್ರಿ

ಸ್ಟ್ಯಾಟಿಕ್ ಗ್ರಾಸ್ ಎಂದು ಮಾರುವ ನೈಲಾನ್ ಎಳೆಗಳು 2, 4 ಮತ್ತು 6 ಮಿ.ಮೀ. ಉದ್ದದಲ್ಲಿ ಇರಲಿ, 10 ಅಥವಾ 12 ಮಿ.ಮೀ. ಎಳೆ ಸ್ವಲ್ಪವೇ ಸಾಕು. ಬಣ್ಣದಲ್ಲಿ ಒಣಹುಲ್ಲಿನ ಹಳದಿ, ಮಾಸಲು ಕಂದು, ಮಂಕು ಹಸಿರು ಈ ಮೂರು ಇದ್ದರೆ ಉಳಿದುದನ್ನು ಬೆರೆಸಿಕೊಳ್ಳಬಹುದು. ಗಾಢ ಹಸಿರಿನ ಪೊಟ್ಟಣವನ್ನು ಕೊಳ್ಳದಿರುವುದೇ ಒಳ್ಳೆಯದು, ಏಕೆಂದರೆ ಕೈಯಲ್ಲಿದ್ದರೆ ಅದನ್ನು ಹಾಕಬೇಕೆಂಬ ಆಸೆ ತಡೆಯುವುದು ಕಷ್ಟ.

ಎಳೆಗಳನ್ನು ನೆಟ್ಟಗೆ ನಿಲ್ಲಿಸಲು ಸ್ಟ್ಯಾಟಿಕ್ ಅಪ್ಲಿಕೇಟರ್ ಬೇಕು. ಅದರ ಜಾಲರಿಗೆ ಹೆಚ್ಚಿನ ವೋಲ್ಟೇಜ್ ಹರಿದಾಗ ಎಳೆಗಳು ವಿದ್ಯುದಾವೇಶ ಪಡೆದು, ಅರ್ಥ್ ಮಾಡಿದ ಹಸಿ ಅಂಟಿನ ಕಡೆಗೆ ಹಾರಿ, ತುದಿಯ ಮೇಲೆ ನೆಟ್ಟುಕೊಳ್ಳುತ್ತವೆ. ಸೊಳ್ಳೆ ಬ್ಯಾಟನ್ನು ಬಿಚ್ಚಿ ಚಹಾ ಸೋಸುವ ಜರಡಿಗೆ ತಂತಿ ಕಟ್ಟಿ ಮಾಡಿಕೊಳ್ಳುವ ಉಪಾಯ ಬಹಳ ಪ್ರಚಾರದಲ್ಲಿದೆ. ಅದು 2 ಮಿ.ಮೀ. ಎಳೆಗೆ ಹೇಗೋ ಸಾಕಾಗುತ್ತದೆ. ಆದರೆ ಬ್ಯಾಟಿನ ವೋಲ್ಟೇಜ್ ಸಾಮಾನ್ಯವಾಗಿ ಒಂದೆರಡು ಸಾವಿರದಷ್ಟೇ ಇದ್ದು, ಸಿದ್ಧ ಅಪ್ಲಿಕೇಟರ್‌ಗಳು ಹತ್ತಿಪ್ಪತ್ತು ಸಾವಿರ ವೋಲ್ಟ್ ಮಟ್ಟದಲ್ಲಿ ಕೆಲಸ ಮಾಡುವುದರಿಂದ, ಉದ್ದ ಎಳೆಗಳು ಬ್ಯಾಟಿನಿಂದ ನಿಲ್ಲುವುದಿಲ್ಲ. ಮೇಲಾಗಿ ಬ್ಯಾಟಿನೊಳಗಿನ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದವರು, ಮಕ್ಕಳ ಜೊತೆ ಕೆಲಸ ಮಾಡುವವರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ದಾರಿಗೆ ಹೋಗಬಾರದು; ಪೇಸ್‌ಮೇಕರ್ ಇದ್ದವರು ಸಿದ್ಧ ಅಪ್ಲಿಕೇಟರ್ ಬಳಸುವ ಮೊದಲೂ ವೈದ್ಯರನ್ನು ಕೇಳಬೇಕು.

ಉಳಿದುದೆಲ್ಲ ಊರಿನಲ್ಲೇ ಸಿಗುತ್ತದೆ: ಬಡಗಿಗಳು ಬಳಸುವ ಬಿಳಿ ಫೆವಿಕಾಲ್, ಆಕ್ರಿಲಿಕ್ ಬಣ್ಣ, ಇಂಕ್ ಫಿಲ್ಲರ್ ಅಥವಾ ಸೂಜಿ ತೆಗೆದ ಸಿರಿಂಜ್, ನೀರು ಸಿಂಪಡಿಸುವ ಬಾಟಲಿ, ಚಿಮಟ, ಬೇರೆ ಬೇರೆ ಕಣ್ಣಿನ ಎರಡು ಜರಡಿ, ಮಾಸ್ಕಿಂಗ್ ಟೇಪ್, ಬಲವಾದ ಅಯಸ್ಕಾಂತ, ಹಳೆಯ ನೈಲಾನ್ ಕಾಲುಚೀಲ, ಗೋಣಿಚೀಲದ ಸೆಣಬು, ತೆಂಗಿನ ನಾರು, ಪಾತ್ರೆ ತಿಕ್ಕುವ ನಾರಿನ ಪ್ಯಾಡ್, ಗಾದಿ ಅಂಗಡಿಯಲ್ಲಿ ಉಳಿದ ಸ್ಪಂಜಿನ ಚೂರು, ಮತ್ತು ಹುಲ್ಲಿನ ಕಸಬರಿಗೆಯ ತುದಿಯ ನವಿರಾದ ತೆನೆ.

ಚಹಾಪುಡಿ, ರವೆ, ಅರಿಷಿಣ ಮುಂತಾದ ಅಡುಗೆಮನೆಯ ಸಾಮಗ್ರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಇರುವೆ ಮತ್ತು ಜಿರಳೆ ಬರುತ್ತವೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅರಿಷಿಣದ ಬಣ್ಣವಂತೂ ಬೆಳಕಿಗೆ ಬೇಗ ಮಾಸಿಹೋಗುತ್ತದೆ.

ಹಂತ 1: ಋತು ಮತ್ತು ಜಾಗವನ್ನು ನಿರ್ಧರಿಸುವುದು

ಲೇಔಟ್ ಯಾವ ತಿಂಗಳನ್ನು ತೋರಿಸುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಗದಗದ ಕಡೆಯ ಎರೆ ನೆಲ ಜುಲೈ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿರುತ್ತದೆ, ಅಕ್ಟೋಬರ್‌ನಲ್ಲಿ ಹುಲ್ಲು ಎತ್ತರವಾಗಿ ತೆನೆ ಬಿಟ್ಟು ಮಂಕಾಗಿರುತ್ತದೆ, ಫೆಬ್ರುವರಿ ದಾಟಿದ ಮೇಲೆ ಹಳದಿ ಮತ್ತು ಕಂದು ಬಣ್ಣವೇ ಉಳಿಯುತ್ತದೆ. ಹೊಸಬರಿಗೆ ನಾನು ಸೂಚಿಸುವುದು ನವೆಂಬರ್–ಡಿಸೆಂಬರ್: ಹಳ್ಳದ ಬದಿ ಇನ್ನೂ ಹಸಿರಾಗಿರುತ್ತದೆ, ದಿಬ್ಬದ ಮೇಲೆ ಒಣಗಿರುತ್ತದೆ, ಹಾಗಾಗಿ ಎರಡು ಬಣ್ಣವನ್ನೂ ಬಳಸಲು ನ್ಯಾಯವಾದ ಕಾರಣ ಸಿಗುತ್ತದೆ.

ಅನಂತರ ನಿಜವಾದ ಜಾಗದ ಫೋಟೊ ತೆಗೆದುಕೊಳ್ಳಬೇಕು. ಹಳಿಯ ಮೇಲೆ ಇಳಿಯುವುದು ಅಪಾಯಕಾರಿಯೂ ಅಪರಾಧವೂ ಆದ್ದರಿಂದ, ರಸ್ತೆ ಮೇಲ್ಸೇತುವೆ, ಪ್ಲಾಟ್‌ಫಾರ್ಮ್‌ನ ತುದಿ ಅಥವಾ ರೈಲಿನ ಕಿಟಕಿಯಿಂದ ನೋಡಿದ್ದೇ ಸಾಕು. ನೋಡಬೇಕಾದದ್ದು ಹುಲ್ಲನ್ನಲ್ಲ, ಹುಲ್ಲು ಇಲ್ಲದ ಜಾಗವನ್ನು. ಮುಖ್ಯ ಹಳಿಯ ಜಲ್ಲಿಯಲ್ಲಿ ಏನೂ ಬೆಳೆದಿರುವುದಿಲ್ಲ. ಅದರ ಪಕ್ಕದಲ್ಲಿ ಗ್ಯಾಂಗ್‌ಮನ್ ನಡೆಯುವ ಕಾಲುದಾರಿ ಬೋಳಾಗಿರುತ್ತದೆ. ಆಮೇಲೆ ಇಳಿಜಾರು, ಅದರ ಬುಡದಲ್ಲಿ ನೀರು ನಿಲ್ಲುವ ತಗ್ಗು, ಅಲ್ಲಿ ದಟ್ಟ ಹುಲ್ಲು. ಅದಾದ ಮೇಲೆ ರೈಲ್ವೆ ಜಾಗದ ಗಡಿಯಲ್ಲಿ ಬಳ್ಳಾರಿ ಜಾಲಿ, ಕತ್ತಾಳೆ, ಎಕ್ಕೆ. ಕೊನೆಗೆ ಹೊಲದ ಬದು. ವಿದ್ಯುತ್ ತಂತಿ ಹಾದುಹೋಗುವ ಕಡೆ ಹಳಿಯ ಹತ್ತಿರದ ಗಿಡಗಳನ್ನು ಕಡಿದಿರುತ್ತಾರೆ. ರೈಲು ನಿಲ್ಲುವುದು ಅಪರೂಪವಾದ ಸೈಡಿಂಗ್‌ನಲ್ಲಿ (ಮುಖ್ಯ ಹಳಿಯಿಂದ ಕವಲೊಡೆದ ಬದಿ ಹಳಿಯಲ್ಲಿ) ಮಾತ್ರ ಸ್ಲೀಪರ್‌ಗಳ ನಡುವೆಯೂ ಹುಲ್ಲು ಎದ್ದಿರುತ್ತದೆ. ಈ ಪಟ್ಟಿಗಳನ್ನು ಪೆನ್ಸಿಲ್‌ನಿಂದ ಲೇಔಟ್ ಮೇಲೆಯೇ ಗೆರೆ ಎಳೆದು ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಎತ್ತರದ ಲೆಕ್ಕವನ್ನೂ ಈಗಲೇ ಮಾಡಬೇಕು. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಎಚ್‌ಒ ಪ್ರಮಾಣದಲ್ಲಿ 17 ಮೀಟರ್ ದಾಟುತ್ತದೆ. ಅಷ್ಟು ಉದ್ದ ಯಾರ ಮನೆಯಲ್ಲೂ ಹಿಡಿಯುವುದಿಲ್ಲ, ಆದ್ದರಿಂದ ಉದ್ದವನ್ನು ಎಲ್ಲರೂ ಕುಗ್ಗಿಸುತ್ತಾರೆ ಮತ್ತು ಅದು ಕಣ್ಣಿಗೆ ಹೊಡೆಯುವುದಿಲ್ಲ. ಹುಲ್ಲಿನ ಎತ್ತರಕ್ಕೆ ಆ ರಿಯಾಯಿತಿ ಇಲ್ಲ, ಏಕೆಂದರೆ ಅದರ ಪಕ್ಕದಲ್ಲೇ 19 ಮಿ.ಮೀ. ಎತ್ತರದ ಮನುಷ್ಯ ನಿಂತಿರುತ್ತಾನೆ. ಎಚ್‌ಒದಲ್ಲಿ 2 ಮಿ.ಮೀ. ಎಳೆ ಎಂದರೆ ನಿಜದಲ್ಲಿ 17 ಸೆಂ.ಮೀ., 4 ಮಿ.ಮೀ. ಎಂದರೆ 35 ಸೆಂ.ಮೀ., 6 ಮಿ.ಮೀ. ಎಂದರೆ ಅರ್ಧ ಮೀಟರಿಗೂ ತುಸು ಹೆಚ್ಚು, 12 ಮಿ.ಮೀ. ಎಂದರೆ ಒಂದು ಮೀಟರ್. ಎನ್ ಪ್ರಮಾಣದಲ್ಲಿ 6 ಮಿ.ಮೀ. ಎಳೆಯೇ ಸೊಂಟದ ಹತ್ತಿರಕ್ಕೆ ಬರುವುದರಿಂದ, ಅಲ್ಲಿ 1 ಮತ್ತು 2 ಮಿ.ಮೀ. ಎಳೆಗಳೇ ಮುಖ್ಯವಾಗಬೇಕು.

ಹಂತ 2: ಹಳಿಯ ಕೆಲಸ ಮುಗಿಸಿ ಮುಚ್ಚುವುದು

ಹಳಿಗೆ ತುಕ್ಕಿನ ಬಣ್ಣ ಬಳಿಯುವುದು, ಜಲ್ಲಿ ಹಾಕಿ ಅಂಟಿಸುವುದು, ಎಲ್ಲ ಪಾಯಿಂಟ್‌ಗಳೂ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು) ಸಲೀಸಾಗಿ ತಿರುಗುತ್ತವೆಯೇ ಎಂದು ಪರೀಕ್ಷಿಸುವುದು ಇವೆಲ್ಲ ಮಣ್ಣಿಗಿಂತ ಮೊದಲು ಮುಗಿದಿರಬೇಕು. ಹುಲ್ಲು ಜಲ್ಲಿಯ ಅಂಚಿನ ಮೇಲೆ ತುಸು ಹಬ್ಬಿದರೆ ಸಹಜವಾಗಿ ಕಾಣುತ್ತದೆ. ಜಲ್ಲಿ ಹುಲ್ಲಿನ ಮೇಲೆ ಬಿದ್ದರೆ ಕಾಣುವುದಿಲ್ಲ.

ಅನಂತರ ಹಳಿಯ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಪಾಯಿಂಟ್‌ಗಳ ಮೇಲೆ ಎರಡು ಪದರ ಹಾಕಬೇಕು. ಎಂಜಿನ್ ಮತ್ತು ಬೋಗಿಗಳನ್ನು ಲೇಔಟ್‌ನಿಂದ ತೆಗೆದು ಬೇರೆ ಕೋಣೆಯಲ್ಲಿಡಬೇಕು, ಕಂಟ್ರೋಲರ್‌ನ ತಂತಿಯನ್ನು ಕಳಚಬೇಕು. ಡಿಸಿಸಿ (ಎಂಜಿನ್‌ಗಳನ್ನು ಡಿಜಿಟಲ್ ಸಂಕೇತದಿಂದ ನಡೆಸುವ ವ್ಯವಸ್ಥೆ) ಬಳಸುವವರು ಇದನ್ನು ಮರೆಯಲೇಬಾರದು, ಏಕೆಂದರೆ ಅಪ್ಲಿಕೇಟರ್‌ನ ಒಂದು ಕಿಡಿ ಹಳಿಗೆ ತಗುಲಿದರೆ ಆ ಸಂಕೇತ ಓದುವ ಡಿಕೋಡರ್ ಸುಟ್ಟುಹೋಗುವ ಸಾಧ್ಯತೆ ಇದೆ.

ಹಂತ 3: ಮಣ್ಣು

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಬೇಕು. ಹಲಗೆ ಥರ್ಮೋಕೋಲ್ ಆಗಿರಲಿ, ಪ್ಲಾಸ್ಟರ್ ಆಗಿರಲಿ, ಮೊದಲು ಮಣ್ಣಿನ ಬಣ್ಣದ ಮ್ಯಾಟ್ ಎಮಲ್ಷನ್ ಬಳಿದು ಒಣಗಲು ಬಿಡಬೇಕು. ಥರ್ಮೋಕೋಲ್ ಮೇಲೆ ಸ್ಪ್ರೇ ಪೇಂಟ್, ರಬ್ಬರ್ ಆಧಾರಿತ ಅಂಟು, ಫೆವಿಕ್ವಿಕ್ ಬಳಸಿದರೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ. ನೀರಿನ ಆಧಾರದ ಬಣ್ಣ ಮತ್ತು ಬಿಳಿ ಅಂಟು ಮಾತ್ರ ಸುರಕ್ಷಿತ.

ನಿಜವಾದ ಮಣ್ಣಿಗಿಂತ ಒಳ್ಳೆಯ ಮಣ್ಣಿನ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಂದ ಮಣ್ಣನ್ನು ಪುಡಿ ಮಾಡಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಒಮ್ಮೆ, ಚಹಾ ಸೋಸುವ ಜರಡಿಯಲ್ಲಿ ಇನ್ನೊಮ್ಮೆ ಸೋಸಬೇಕು. ಅಡುಗೆಗೆ ಬಳಸದ ಹಳೆಯ ಹಂಚಿನ ಮೇಲೆ ಚೆನ್ನಾಗಿ ಬಿಸಿಯಾಗುವಂತೆ ಹುರಿದರೆ ಅದರಲ್ಲಿನ ಹುಳ, ಬೀಜ, ಬೂಷ್ಟು ಸಾಯುತ್ತವೆ. ತಣ್ಣಗಾದ ಮೇಲೆ ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಹಲವು ಸಲ ಆಡಿಸಬೇಕು. ನಮ್ಮ ಭಾಗದ ಮಣ್ಣಿನಲ್ಲಿ, ಅದರಲ್ಲೂ ಹಳ್ಳದ ಮರಳಿನಲ್ಲಿ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳಿರುತ್ತವೆ. ಅವು ಎಂಜಿನ್‌ನ ಮೋಟರಿನೊಳಗಿನ ಅಯಸ್ಕಾಂತಕ್ಕೆ ಅಂಟಿಕೊಂಡು ನಿಧಾನವಾಗಿ ಅದನ್ನು ಹಾಳು ಮಾಡುತ್ತವೆ. ಈ ಒಂದು ಕೆಲಸವನ್ನು ಬಿಟ್ಟವರ ಎಂಜಿನ್ ಕೆಲವು ತಿಂಗಳ ನಂತರ ಕಿರುಗುಟ್ಟತೊಡಗಿದಾಗ ಅವರ ಅನುಮಾನ ಮಣ್ಣಿನ ಮೇಲೆ ಹೋಗುವುದೇ ಇಲ್ಲ.

ಕೆಂಪು ಮಸಾರಿ ಮಣ್ಣು ಹೇಳಿದಂತೆ ಕೇಳುತ್ತದೆ: ಅದರಲ್ಲಿ ಮರಳಿನಂಶ ಇರುವುದರಿಂದ ಅಂಟಿನ ನೀರು ಒಳಗಿಳಿದು, ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಎರೆ ಮಣ್ಣಿನ ಸ್ವಭಾವವೇ ಬೇರೆ. ನೀರು ಕುಡಿದಾಗ ಹಿಗ್ಗಿ ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿ ಹೆಚ್ಚಾಗಿರುವುದರಿಂದ, ದಪ್ಪವಾಗಿ ಹಾಕಿದರೆ ಬೇಸಿಗೆಯ ಹೊಲದಂತೆಯೇ ಬಿರುಕು ಬಿಡುತ್ತದೆ. ಬಿರುಕು ಸಹಜವಲ್ಲವೇ ಎಂದು ಕೆಲವರು ಸಂತೋಷಪಡುತ್ತಾರೆ. ಆದರೆ ಲೇಔಟ್‌ನಲ್ಲಿ ಬೀಳುವ 2 ಮಿ.ಮೀ. ಅಗಲದ ಬಿರುಕು ಎಚ್‌ಒ ಮನುಷ್ಯನಿಗೆ 17 ಸೆಂ.ಮೀ. ಕಂದಕವಾಗುತ್ತದೆ, ಮೇಲಾಗಿ ಅಂಚುಗಳು ಎದ್ದು ಹುಲ್ಲಿನ ಸಮೇತ ಹೆಕ್ಕಳೆಯಾಗಿ ಬಿಡುತ್ತವೆ. ಆದ್ದರಿಂದ ಎರೆ ಮಣ್ಣಿನ ಒಂದು ಪಾಲಿಗೆ ಒಂದು ಪಾಲು ನಯವಾದ ಮರಳನ್ನು ಬೆರೆಸಿ, ಒಂದು ಮಿ.ಮೀ. ಮೀರದ ಪದರಗಳಲ್ಲಿ, ಪ್ರತಿ ಪದರವೂ ಒಣಗಿದ ಮೇಲೆ ಮುಂದಿನದನ್ನು ಹಾಕಬೇಕು.

ಹಾಕುವ ವಿಧಾನ ಹೀಗಿದೆ. ನೀರು ಬೆರೆಸದ ಅಂಟನ್ನು ಬ್ರಷ್‌ನಿಂದ ತೆಳುವಾಗಿ ಬಳಿದು, ಜರಡಿಯಿಂದ ಮಣ್ಣು ಉದುರಿಸಬೇಕು. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ನೇರವಾಗಿ ಮಣ್ಣಿನ ಮೇಲಲ್ಲದೆ ಗಾಳಿಯಲ್ಲಿ ಮೇಲಕ್ಕೆ ಸಿಂಪಡಿಸಿ, ತುಂತುರು ತಾನಾಗಿ ಕೆಳಗಿಳಿಯುವಂತೆ ಮಾಡಬೇಕು. ಮಣ್ಣಿನ ಬಣ್ಣ ಪೂರ್ತಿ ಗಾಢವಾದ ಮೇಲೆ, ಸಮಪಾಲು ನೀರು ಬೆರೆಸಿದ ಅಂಟನ್ನು ಫಿಲ್ಲರ್‌ನಿಂದ ಹನಿಹನಿಯಾಗಿ ಬಿಡಬೇಕು. ಹನಿ ಮಣ್ಣಿನ ಮೇಲೆ ಗುಂಡಗೆ ನಿಂತರೆ ಒದ್ದೆ ಸಾಲದು ಎಂದರ್ಥ. ಇನ್ನಷ್ಟು ಸಿಂಪಡಿಸದೆ ಮುಂದುವರಿದರೆ ಮಣ್ಣು ಉಂಡೆ ಕಟ್ಟಿ ಕುಳಿ ಬೀಳುತ್ತದೆ.

ಅಂಟು ಹಾಕಿದ ಎರೆ ಮಣ್ಣು ಒಣಗಿದ ಮೇಲೂ ಹಸಿ ಮಣ್ಣಿನಂತೆ ಕಪ್ಪಾಗಿಯೇ ಉಳಿಯುತ್ತದೆ. ನಿಜವಾದ ಹೊಲದಲ್ಲಿ ಬಿಸಿಲಿಗೆ ಒಣಗಿದ ಎರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆ ಬೂದು ಬಣ್ಣವನ್ನು ಮರಳಿ ತರಲು, ಬ್ರಷ್‌ನಲ್ಲಿ ತಿಳಿ ಬೂದು ಬಣ್ಣ ತೆಗೆದುಕೊಂಡು, ಕಾಗದದ ಮೇಲೆ ಬಹುತೇಕ ಒರೆಸಿ, ಉಬ್ಬುಗಳ ಮೇಲೆ ಮಾತ್ರ ತೇಲಿಸಿ ಆಡಿಸಬೇಕು, ಅಥವಾ ಒಣ ಮಣ್ಣಿನ ಅತಿ ನಯವಾದ ಧೂಳನ್ನು ಕೊನೆಯ ಹಂತದಲ್ಲಿ ಉದುರಿಸಬೇಕು. ಮೊದಲು ಒಂದು ರಟ್ಟಿನ ತುಂಡಿನ ಮೇಲೆ ಪ್ರಯೋಗ ಮಾಡಿ, ರಾತ್ರಿ ದೀಪದ ಬೆಳಕಿನಲ್ಲೂ ಹಗಲಿನ ಬೆಳಕಿನಲ್ಲೂ ನೋಡಿ ಬಣ್ಣ ಒಪ್ಪಬೇಕು.

ಪರೀಕ್ಷೆ ಸರಳವಾಗಿದೆ: ಈ ಹಂತದಲ್ಲೇ, ಒಂದೆಳೆ ಹುಲ್ಲೂ ಇಲ್ಲದೆ, ಫೋಟೊದಲ್ಲಿ ಲೇಔಟ್ ಬರಗಾಲದ ನೆಲದಂತೆ ನಂಬುವಂತೆ ಕಾಣಬೇಕು. ಕಾಣದಿದ್ದರೆ ಹುಲ್ಲು ಅದನ್ನು ಉಳಿಸುವುದಿಲ್ಲ.

ಹಂತ 4: ನೆಲಕ್ಕಂಟಿದ ಕಸ

ಮಣ್ಣು ಮತ್ತು ಹುಲ್ಲಿನ ನಡುವೆ ಒಂದು ತೆಳು ಪದರ ಇರಬೇಕು: ಉದುರಿದ ಎಲೆಯ ಪುಡಿ, ಕೊಳೆತ ಹುಲ್ಲು, ನೆಲಕ್ಕೆ ಹಬ್ಬಿದ ಸಣ್ಣ ಗಿಡ. ಬೇವಿನ ಒಣ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಜರಡಿ ಹಿಡಿದರೆ ಉತ್ತಮ ಪುಡಿಯಾಗುತ್ತದೆ. ಕತ್ತರಿಸಿದ ಸೆಣಬಿನ ಒಂದು ಮಿ.ಮೀ. ಚೂರುಗಳು ಸತ್ತ ಹುಲ್ಲಿಗೆ ಹೊಂದುತ್ತವೆ. ಹಸಿರು ಪುಡಿಗೆ ಸ್ಪಂಜಿನ ಚೂರನ್ನು ನೀರಿನೊಂದಿಗೆ ಹಳೆಯ ಮಿಕ್ಸರ್ ಜಾರಿನಲ್ಲಿ ಅರೆದು, ಹಿಂಡಿ, ಆಕ್ರಿಲಿಕ್ ಬಣ್ಣದಲ್ಲಿ ಕಲಸಿ ನೆರಳಿನಲ್ಲಿ ಒಣಗಿಸಬೇಕು. ಆ ಜಾರು ಮತ್ತೆ ಅಡುಗೆಮನೆಗೆ ಹೋಗಬಾರದು. ಬಟ್ಟೆಗೆ ಹಾಕುವ ಬಣ್ಣ ಅಗ್ಗವಾದರೂ ಕಿಟಕಿಯ ಬಿಸಿಲಿಗೆ ಬೇಗ ಮಾಸುತ್ತದೆ.

ಈ ಪದರ ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚಬಾರದು. ತಗ್ಗಿನಲ್ಲಿ, ಕಲ್ಲಿನ ಬುಡದಲ್ಲಿ, ಬದುವಿನ ನೆರಳಿನ ಮಗ್ಗುಲಲ್ಲಿ ಹೆಚ್ಚಾಗಿಯೂ, ಕಾಲುದಾರಿಯಲ್ಲಿ ಇಲ್ಲದಂತೆಯೂ ಹಾಕಬೇಕು.

ಹಂತ 5: ಮೊದಲ ಪದರದ ಹುಲ್ಲು

ಎಳೆಗಳನ್ನು ಮೊದಲೇ ಡಬ್ಬಿಯಲ್ಲಿ ಬೆರೆಸಿಟ್ಟುಕೊಳ್ಳಬೇಕು. ನವೆಂಬರ್ ನೆಲಕ್ಕೆ 2 ಮಿ.ಮೀ. ಎಳೆಯಲ್ಲಿ ಎರಡು ಪಾಲು ಮಂಕು ಹಸಿರು, ಎರಡು ಪಾಲು ಹಳದಿ, ಒಂದು ಪಾಲು ಕಂದು ಸರಿಹೋಗುತ್ತದೆ. ಮಾರ್ಚ್ ಆದರೆ ಹಸಿರನ್ನು ಚಿಟಿಕೆಗೆ ಇಳಿಸಬೇಕು. ಪೂರ್ತಿ ಏಕರೂಪವಾಗುವಂತೆ ಕಲಸುವ ಬದಲು ಅರೆಬರೆ ಕಲಸಿದರೆ ನೆಲದ ಮೇಲೆ ಬಣ್ಣ ತಾನಾಗಿ ಗುಂಪುಗೂಡುತ್ತದೆ.

ಹವೆಯನ್ನು ನೋಡಿ ಕೆಲಸ ಹಿಡಿಯಬೇಕು. ಧಾರವಾಡದ ಜುಲೈ–ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಎಳೆಗಳು ತೇವ ಹೀರಿ ಮುದ್ದೆಯಾಗುತ್ತವೆ, ಅಂಟು ಒಣಗಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಏಪ್ರಿಲ್‌ನ ಮಧ್ಯಾಹ್ನದಲ್ಲಿ ಅಂಟಿನ ಮೇಲೆ ನಿಮಿಷಗಳಲ್ಲಿ ಕೆನೆ ಕಟ್ಟಿ ಎಳೆಗಳು ನೆಡದೆ ಮಲಗುತ್ತವೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಮಳೆಗಾಲದಲ್ಲಿ ಮಳೆ ಬಿಟ್ಟು ಬಿಸಿಲು ಬಂದ ದಿನ ಆರಿಸಿಕೊಳ್ಳಬೇಕು. ತೇವ ಹಿಡಿದ ಎಳೆಗಳನ್ನು ಕಾಗದದ ಮೇಲೆ ಹರಡಿ ದೀಪದ ಕೆಳಗೆ ಸ್ವಲ್ಪ ಹೊತ್ತು ಇಟ್ಟು ಬಳಸಬಹುದು. ಸೀಲಿಂಗ್ ಫ್ಯಾನ್ ಆರಿಸಿರಬೇಕು.

ಅಂಟು ಮೂರು ಪಾಲಿಗೆ ನೀರು ಒಂದು ಪಾಲು ಸೇರಿಸಿ, ತುಸು ಮಣ್ಣಿನ ಬಣ್ಣ ಬೆರೆಸಿದರೆ ಎಲ್ಲಿ ಬಳಿದಿದ್ದೇವೆ ಎಂಬುದು ಕಾಣುತ್ತದೆ, ಒಣಗಿದ ಮೇಲೆ ಹೊಳೆಯುವುದೂ ಇಲ್ಲ. ಒಂದು ಸಲಕ್ಕೆ ಅಂಗೈ ಅಗಲಕ್ಕಿಂತ ಹೆಚ್ಚು ಜಾಗಕ್ಕೆ ಬಳಿಯಬಾರದು. ಬಳಿಯುವ ಆಕಾರವೂ ಮುಖ್ಯ: ಅಂಚು ಕಡಿದಂತಿರದೆ ಚುಕ್ಕೆಚುಕ್ಕೆಯಾಗಿ ಹರಡಿ, ನಡುವೆ ಮಣ್ಣಿನ ಕಿಂಡಿಗಳನ್ನು ಬಿಡಬೇಕು. ಹುಲ್ಲು ಬೀಳುವ ಜಾಗವನ್ನು ನಿರ್ಧರಿಸುವುದು ಅಪ್ಲಿಕೇಟರ್ ಅಲ್ಲ, ಅಂಟಿನ ಬ್ರಷ್.

ಅಪ್ಲಿಕೇಟರ್‌ನಿಂದ ಹೊರಡುವ ಅರ್ಥ್ ತಂತಿಯ ಕ್ಲಿಪ್ಪಿಗೆ ಒಂದು ಮೊಳೆ ಕಚ್ಚಿಸಿ, ಆ ಮೊಳೆಯನ್ನು ಹಸಿ ಅಂಟಿನೊಳಗೇ ಚುಚ್ಚಬೇಕು. ಥರ್ಮೋಕೋಲ್ ಮತ್ತು ಒಣಗಿದ ಪ್ಲಾಸ್ಟರ್ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ, ಅಂಟು ಮುಟ್ಟದ ಮೊಳೆಯಿಂದ ಏನೂ ಪ್ರಯೋಜನವಿಲ್ಲ. ಎಳೆ ಮಲಗುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಬಿಡಿಬಿಡಿ ತೇಪೆಗಳಿದ್ದರೆ ಪ್ರತಿ ತೇಪೆಗೂ ಮೊಳೆಯನ್ನು ಬದಲಿಸಬೇಕು. ಕ್ಲಿಪ್ಪನ್ನು ಹಳಿಗೆ ಸಿಕ್ಕಿಸುವ ಅಭ್ಯಾಸ ಬೇಡ.

ಅಪ್ಲಿಕೇಟರ್‌ನ ಜರಡಿಯಲ್ಲಿ ಅರ್ಧದಷ್ಟು ಎಳೆ ತುಂಬಿ, ನೆಲದಿಂದ ಎರಡು-ಮೂರು ಸೆಂ.ಮೀ. ಮೇಲೆ ಹಿಡಿದು, ಸ್ವಿಚ್ ಹಾಕಿ, ಮೆಲ್ಲಗೆ ಅಲುಗಿಸಬೇಕು. ಜಾಲರಿ ಅಂಟನ್ನಾಗಲಿ ಮೊಳೆಯನ್ನಾಗಲಿ ಮುಟ್ಟಿದರೆ ಕಿಡಿ ಹಾರುತ್ತದೆ. ಬರಿಗೈಯಿಂದ ಮೊಳೆ ಹಿಡಿದುಕೊಂಡು ಕೆಲಸ ಮಾಡಬಾರದು. ಎಳೆಗಳು ನೆಟ್ಟು ನಿಂತದ್ದು ಬಗ್ಗಿ ಬದಿಯಿಂದ ನೋಡಿದರೆ ತಿಳಿಯುತ್ತದೆ. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ.

ಇಳಿಜಾರಿನಲ್ಲಿ ಒಂದು ಸೂಕ್ಷ್ಮವಿದೆ. ಎಳೆಗಳು ಇಳಿಜಾರಿನ ಮೇಲ್ಮೈಗೆ ಲಂಬವಾಗಿ ನಿಲ್ಲಲು ನೋಡುತ್ತವೆ, ನಿಜವಾದ ಹುಲ್ಲು ಆಕಾಶದ ಕಡೆಗೆ ಬೆಳೆಯುತ್ತದೆ. ಅಂಟು ಅರೆ ಒಣಗಿದ ಹೊತ್ತಿಗೆ ಒಣ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರಿದರೆ ಇದು ಸರಿಹೋಗುತ್ತದೆ. ಅದೇ ಹೊತ್ತಿಗೆ ಅಲ್ಲಲ್ಲಿ ಬೆರಳಿನಿಂದ ಒತ್ತಿ, ದನ ಮಲಗಿದ ಅಥವಾ ಜನ ನಡೆದ ಜಾಗಗಳನ್ನೂ ಮೂಡಿಸಬಹುದು.

ಒಂದು ರಾತ್ರಿ ಪೂರ್ತಿ ಬಿಟ್ಟು, ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ಕಾಲುಚೀಲ ಸುತ್ತಿ ಉಳಿದ ಎಳೆಗಳನ್ನು ಎಳೆದುಕೊಂಡರೆ ಅವು ಕಾಲುಚೀಲದಲ್ಲೇ ನಿಂತು ಮರುಬಳಕೆಗೆ ಸಿಗುತ್ತವೆ. ಅಂಟು ಒಣಗುವ ಮೊದಲು ಈ ಕೆಲಸಕ್ಕೆ ಕೈ ಹಾಕಿದರೆ ಹುಲ್ಲು ಬುಡ ಸಮೇತ ಬರುತ್ತದೆ.

ಅಪ್ಲಿಕೇಟರ್ ಇಲ್ಲದವರು ಮೃದುವಾದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ತೂತುಗಳನ್ನು ಮಾಡಿ, ಒಳಗೆ ಎಳೆ ತುಂಬಿ, ಕುಲುಕಿ, ಅಂಟಿನ ಮೇಲೆ ಹಿಚುಕಿ ಊದಬಹುದು. ಸಣ್ಣ ತೇಪೆಗಳಿಗೆ ಅದು ನಡೆಯುತ್ತದೆ. ಒಂದು ಅಡಿ ಇಳಿಜಾರಿಗೆ ನಡೆಯುವುದಿಲ್ಲ.

ಹಂತ 6: ಎರಡನೆಯ ಮತ್ತು ಮೂರನೆಯ ಪದರ

ಮೊದಲ ಪದರದ ಮೇಲೆ ಅಲ್ಲಲ್ಲಿ ಮಾತ್ರ, ಬ್ರಷ್‌ನ ತುದಿಯಿಂದ ಎಳೆಗಳ ತಲೆಗೆ ಅಂಟು ಮುಟ್ಟಿಸಿ, 4 ಮಿ.ಮೀ. ಎಳೆ ಹಾಕಬೇಕು, ಅದು ಒಣಗಿದ ಮೇಲೆ ಇನ್ನೂ ಕಡಿಮೆ ಜಾಗದಲ್ಲಿ 6 ಮಿ.ಮೀ. ಎತ್ತರ ಹೆಚ್ಚಿದಂತೆ ಜಾಗ ಕಡಿಮೆಯಾಗಬೇಕು ಮತ್ತು ಬಣ್ಣ ಒಣಗಿದಂತಿರಬೇಕು, ಏಕೆಂದರೆ ಎತ್ತರದ ಹುಲ್ಲು ತುದಿಯಿಂದಲೇ ಒಣಗುತ್ತ ಬರುತ್ತದೆ. ಹಳ್ಳದ ಬದಿಯ ಜೇಕಿಗೆ 6 ಮಿ.ಮೀ. ಹಸಿರು, ಆಪಿಗೆ ಕಸಬರಿಗೆಯ ಕಡ್ಡಿಗಳನ್ನು 20 ಮಿ.ಮೀ. ಸುಮಾರಿಗೆ ಕತ್ತರಿಸಿ ಒಂದೊಂದಾಗಿ ಚಿಮಟದಿಂದ ನೆಡಬೇಕು.

ಅಂಟು ಸಿಂಪಡಿಸಲು ಹಲವರು ಹೇರ್ ಸ್ಪ್ರೇ ಬಳಸುತ್ತಾರೆ. ಅದು ಬೇಗ ಹೊತ್ತಿಕೊಳ್ಳುವ ವಸ್ತು. ಸಿಂಪಡಿಸಿದ ಕೂಡಲೇ ಅಪ್ಲಿಕೇಟರ್ ಹಚ್ಚಿದರೆ ಒಂದೇ ಕಿಡಿಗೆ ಬೆಂಕಿ ಹಿಡಿಯಬಹುದು. ನೀರು ಬೆರೆಸಿದ ಫೆವಿಕಾಲನ್ನೇ ಸಣ್ಣ ಸ್ಪ್ರೇ ಬಾಟಲಿಯಿಂದ ಸಿಂಪಡಿಸುವುದು ನಿಧಾನವಾದರೂ ನಿಶ್ಚಿಂತೆಯ ದಾರಿ. ಸ್ಪಿರಿಟ್ ಬೆರೆಸಿದ ನೀರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಹಂತ 7: ಕಳೆ ಮತ್ತು ಕಂಟಿ

ಹುಲ್ಲು ಮುಗಿದ ಮೇಲೆಯೇ ಕಂಟಿಗಳು ಬರಬೇಕು. ಮೊದಲೇ ನೆಟ್ಟರೆ ಎಳೆಗಳು ಅವುಗಳಿಗೂ ಅಂಟಿ ಮುಳ್ಳುಹಂದಿಗಳಾಗುತ್ತವೆ. ನಮ್ಮ ಹಳಿಬದಿಯ ಗುರುತು ಹೇಳುವುದು ಐದಾರು ಗಿಡಗಳು. ಅಷ್ಟನ್ನು ಸರಿಯಾಗಿ ಮಾಡಿದರೆ ಉಳಿದ ಜಾತಿಗಳು ಬೇಕಾಗುವುದಿಲ್ಲ.

ಬಳ್ಳಾರಿ ಜಾಲಿಗೆ ಒಣಗಿದ ನವಿರು ಬೇರಿನ ಗುಚ್ಛ ಒಳ್ಳೆಯ ಅಸ್ಥಿಪಂಜರ. ಬುಡದಿಂದಲೇ ಹಲವು ರೆಂಬೆ ಒಡೆದು ಹೊರಕ್ಕೆ ಬಾಗುವಂತೆ ಜೋಡಿಸಿ, ಅಂಟು ಸಿಂಪಡಿಸಿ, ಮಂಕು ಹಸಿರು ಸ್ಪಂಜಿನ ಪುಡಿಯನ್ನು ತುದಿಗಳ ಮೇಲೆ ಮಾತ್ರ ಉದುರಿಸಬೇಕು; ಆಚೆಯ ಬೆಳಕು ಅದರೊಳಗಿಂದ ಕಾಣಬೇಕು. ಪಾತ್ರೆ ತಿಕ್ಕುವ ಪ್ಯಾಡನ್ನು ಬೆರಳಿನಿಂದ ಹಿಂಜಿ ಪದರಗಳಾಗಿ ಬಿಡಿಸಿದರೆ ದಟ್ಟವಾದ ಲಂಟಾನ ಪೊದೆಗೆ ಒಡಲಾಗುತ್ತದೆ, ಆದರೆ ಅದರ ಹಸಿರು ಕೃತಕವಾದದ್ದರಿಂದ ಮೊದಲು ಕಂದು ಬಣ್ಣದಲ್ಲಿ ಅದ್ದಿ ಒಣಗಿಸಲೇಬೇಕು.

ಎಕ್ಕೆಯ ಎಲೆ ಹಸಿರಿಗಿಂತ ಬೂದು ಬಣ್ಣಕ್ಕೆ ಹತ್ತಿರ. ಬೂದು ಹಸಿರು ಬಳಿದ ತೆಳು ಕಾಗದದಿಂದ ಒಂದೂವರೆ ಮಿ.ಮೀ. ಎಲೆಗಳನ್ನು ಕತ್ತರಿಸಿ ತಂತಿಯ ಕಡ್ಡಿಗೆ ಎದುರುಬದುರಾಗಿ ಅಂಟಿಸಬೇಕು. ತಾಳ್ಮೆ ಬೇಡುವ ಕೆಲಸವಾದ್ದರಿಂದ ನೋಡುವವರ ಕಣ್ಣಿಗೆ ಹತ್ತಿರವಿರುವ ಅಂಚಿನಲ್ಲಿ ಎರಡು-ಮೂರು ಗಿಡ ಸಾಕು. ಕತ್ತಾಳೆಗೆ 12ರಿಂದ 14 ಮಿ.ಮೀ. ಉದ್ದದ ಚೂಪು ಕಾಗದದ ಎಲೆಗಳನ್ನು ನಡುವೆ ಮಡಿಸಿ ಸುತ್ತಲೂ ಜೋಡಿಸಿದರಾಯಿತು. ಅವನ್ನು ಗಡಿಯ ಉದ್ದಕ್ಕೂ ಸಾಲಾಗಿ ನೆಡುವುದು ತಪ್ಪಲ್ಲ, ಏಕೆಂದರೆ ಬೇಲಿಯ ಕತ್ತಾಳೆ ನಿಜಕ್ಕೂ ಸಾಲಿನಲ್ಲೇ ಇರುತ್ತದೆ.

ಕಾಂಗ್ರೆಸ್ ಕಸವಿಲ್ಲದ ಸೈಡಿಂಗ್ ನಮ್ಮ ಕಡೆಯದು ಎನಿಸುವುದೇ ಇಲ್ಲ. 6 ಮಿ.ಮೀ. ಹಸಿರು ಎಳೆಗಳ ಸಣ್ಣ ಗುಚ್ಛಗಳನ್ನು ಮಾಡಿ, ಬುಡಕ್ಕೆ ನಯವಾದ ಹಸಿರು ಪುಡಿ, ತುದಿಗೆ ಅಂಟು ಮುಟ್ಟಿಸಿ ಬಿಳಿ ರಂಗೋಲಿ ಪುಡಿ ಹಾಕಿದರೆ ದೂರದಿಂದ ಅದೇ ಗಿಡ. ಬಣ್ಣದ ರಂಗೋಲಿಯಲ್ಲಿ ಹಳದಿಯನ್ನು ತಂಗಡಿಯ ಹೂವಿಗೆ ಬಳಸಬಹುದು. ಉಳಿದ ಬಣ್ಣಗಳನ್ನು ಹಬ್ಬಕ್ಕೆ ಬಿಡುವುದು ಒಳ್ಳೆಯದು. ಹೂವಿನ ಗಿಡಗಳು ಲೇಔಟ್‌ನ ಒಂದೆರಡು ಕಡೆ ಗುಂಪಾಗಿ ಇರಬೇಕೇ ಹೊರತು ಎಲ್ಲೆಡೆ ಚೆಲ್ಲಿರಬಾರದು.

ನೆಡುವಾಗ ದೊಡ್ಡ ಕಂಟಿಯ ಬುಡ ಬೋಳಾಗಿ ಕಾಣದಂತೆ ಮಧ್ಯಮ ಗಿಡ, ಅದರ ಬುಡಕ್ಕೆ 4 ಮಿ.ಮೀ. ಹುಲ್ಲು, ಅದರ ಅಂಚಿಗೆ ಒಣ ಎಲೆಯ ಪುಡಿ ಎಂಬಂತೆ ಇಳಿಯುತ್ತ ಬರಬೇಕು. ಗಿಡದ ಬುಡದಲ್ಲಿ ನೆಲದ ಜೊತೆ ಕಪ್ಪು ಸಂದು ಕಂಡರೆ ಅದು ಅಲ್ಲಿ ಬೆಳೆದದ್ದಲ್ಲ, ತಂದಿಟ್ಟದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಹಂತ 8: ಹೊಳಪು ತೆಗೆಯುವುದು

ನೈಲಾನ್ ಎಳೆಗಳು ದೀಪದ ಬೆಳಕಿಗೆ ಮಿಂಚುತ್ತವೆ. ತಿಳಿ ಹಳದಿ–ಬೂದು ಆಕ್ರಿಲಿಕ್ ಬಣ್ಣವನ್ನು ಒರೆಸಿದ ಬ್ರಷ್‌ನಿಂದ ತುದಿಗಳ ಮೇಲೆ ಮಾತ್ರ ತೇಲಿಸಿದರೆ ಮಿಂಚು ಸಾಯುತ್ತದೆ, ಬಿಸಿಲಿನ ಬಣ್ಣವೂ ಬರುತ್ತದೆ. ಕಾಲುದಾರಿಯ ಅಂಚಿನ ಹುಲ್ಲಿಗೆ ನಯವಾದ ಮಣ್ಣಿನ ಧೂಳನ್ನು ಬ್ರಷ್‌ನಿಂದ ತಟ್ಟಬೇಕು. ಬೇಸಿಗೆಯ ಲೇಔಟ್ ಆದರೆ ಇಳಿಜಾರಿನ ಒಂದು ತುಣುಕಿನಲ್ಲಿ ಎಳೆಗಳನ್ನು ಗಿಡ್ಡಗೆ ಕತ್ತರಿಸಿ ಇದ್ದಿಲ ಪುಡಿ ಉದುರಿಸಿದರೆ, ಒಣಹುಲ್ಲಿಗೆ ಬೆಂಕಿ ಬಿದ್ದು ಕರಕಾದ ಪಟ್ಟಿ ಮೂಡುತ್ತದೆ.

ಹಂತ 9: ಹಳಿ ಬಿಡಿಸಿ ಓಡಿಸಿ ನೋಡುವುದು

ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಮೆಲ್ಲಗೆ ಎಳೆಯಬೇಕು. ಮೇಲಕ್ಕೆ ಎಳೆದರೆ ಜಲ್ಲಿ ಏಳುತ್ತದೆ. ಪಾಯಿಂಟ್‌ಗಳ ಸಂದುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸಿಕ್ಕಿದ ಎಳೆಗಳನ್ನು ಚಿಮಟದಿಂದ ತೆಗೆದು, ಹಳಿಯ ತಲೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಆಮೇಲೆ ಇರುವುದರಲ್ಲೇ ಉದ್ದದ ಬೋಗಿಯನ್ನು ಕೈಯಿಂದ ತಳ್ಳಿ ನೋಡಬೇಕು: 21.3 ಮೀಟರ್ ಉದ್ದದ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿ ಎಚ್‌ಒದಲ್ಲಿ ಸುಮಾರು 24.5 ಸೆಂ.ಮೀ. ಇರುವುದರಿಂದ, ತಿರುವಿನ ಒಳಮಗ್ಗುಲಲ್ಲಿ ಅದರ ನಡುಭಾಗವೂ ಹೊರಮಗ್ಗುಲಲ್ಲಿ ತುದಿಗಳೂ ಹಳಿಯಾಚೆ ಚಾಚುತ್ತವೆ. ಅಲ್ಲಿ ಕಂಟಿ ತಗುಲಿದರೆ ಬಗ್ಗಿಸದೆ ಕಿತ್ತು ಬೇರೆಡೆ ನೆಡುವುದೇ ಸರಿ. ಎಂಜಿನ್ ಓಡಿಸಿದ ಮೊದಲ ಕೆಲವು ದಿನ ಅದರ ಗಾಲಿ ಮತ್ತು ಗೇರುಗಳನ್ನು ದಿನವೂ ತಿರುವಿ ನೋಡಬೇಕು, ಏಕೆಂದರೆ ಅಚ್ಚಿಗೆ ಸುತ್ತಿಕೊಂಡ ಒಂದೆರಡು ಎಳೆಗಳು ಮೊದಲು ವೇಗವನ್ನು ತಗ್ಗಿಸುತ್ತವೆ, ಆಮೇಲೆ ಮೋಟರನ್ನು ಬಿಸಿ ಮಾಡುತ್ತವೆ.

ಕೆಟ್ಟ ಲಕ್ಷಣಗಳು ಮತ್ತು ಪರಿಹಾರ

ಎಳೆಗಳು ಗುಂಪಾಗಿ ಒಂದೇ ಕಡೆ ವಾಲಿದ್ದರೆ ಅರ್ಥ್ ಮೊಳೆ ದೂರವಿತ್ತು. ಎಲ್ಲೆಡೆ ಮಲಗಿದ್ದರೆ ಅಂಟಿನ ಮೇಲೆ ಕೆನೆ ಕಟ್ಟಿತ್ತು ಅಥವಾ ಬ್ಯಾಟರಿ ಇಳಿದಿತ್ತು. ಬುಡದಲ್ಲಿ ಬಿಳಿ ಅಂಟು ಕಾಣುತ್ತಿದ್ದರೆ ಒಂದು ದಿನ ಕಾಯಬೇಕು. ಆಮೇಲೂ ಬೆಳ್ಳಗಿದ್ದರೆ ಅಂಟು ದಪ್ಪವಾಗಿದೆ, ಅದರ ಮೇಲೆ ಮಣ್ಣಿನ ಧೂಳು ತಟ್ಟಬೇಕು. ಬೆರಳು ಸವರಿದಾಗ ಹುಲ್ಲು ಉದುರಿದರೆ ಅಂಟಿಗೆ ನೀರು ಹೆಚ್ಚಾಗಿತ್ತು. ತೆಳು ಅಂಟಿನ ತುಂತುರು ಹಾಕಿದರೆ ನಿಲ್ಲುತ್ತದೆ.

ಮಣ್ಣಿನ ವಾಸನೆ ಬದಲಾಗಿ ಬೂದು ಅಥವಾ ಬಿಳಿ ನಾರು ಕಾಣಿಸಿದರೆ ಅದು ಬೂಷ್ಟು. ಒದ್ದೆ ಆರುವ ಮೊದಲೇ ಮೇಲಿನ ಪದರ ಹಾಕಿದಾಗ, ಹಾಗೂ ಮಳೆಗಾಲದಲ್ಲಿ ಲೇಔಟನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿದಾಗ ಇದು ಬರುತ್ತದೆ. ಆ ತುಣುಕನ್ನು ಕೆತ್ತಿ ತೆಗೆದು, ಒಣಗಿಸಿ, ಹಂತ 3ರಿಂದಲೇ ಮತ್ತೆ ಮಾಡಬೇಕು. ಮೇಲೆ ಬಣ್ಣ ಬಳಿದು ಮುಚ್ಚಿದರೆ ಪಕ್ಕಕ್ಕೆ ಹರಡುತ್ತದೆ. ಧೂಳಿಗೆ ಹತ್ತಿಯ ಹಳೆಯ ಸೀರೆಯ ಹೊದಿಕೆ ಸಾಕು, ಆದರೆ ಅದು ಹುಲ್ಲನ್ನು ಮುಟ್ಟದಂತೆ ನಾಲ್ಕು ಮೂಲೆಗೆ ಕೋಲು ನಿಲ್ಲಿಸಿ ಹೊದಿಸಬೇಕು.